ಪಕ್ಕಡ, ಇಕ್ಕಳ, ಚಿಮಟಿಗೆ: ಯಾವುದನ್ನು ಯಾವುದರಿಂದ ಹಿಡಿಯಬೇಕು?

ನಮ್ಮ ರಾಯಚೂರು ಕಡೆ ಯಾವ ಮನೆಗೆ ಹೋದರೂ ಒಂದು ಪಕ್ಕಡ, ಅಂದರೆ ಕಟಿಂಗ್ ಪ್ಲೇಯರ್, ಇದ್ದೇ ಇರುತ್ತದೆ. ಟಿವಿ ಕೆಳಗಿನ ಡ್ರಾಯರ್‌ನಲ್ಲೋ, ಮೀಟರ್ ಬೋರ್ಡಿನ ಮೇಲೋ, ಹೊಲದ ಮನೆಯಾದರೆ ಮೋಟರ್ ಸ್ಟಾರ್ಟರಿನ ಡಬ್ಬಿಯೊಳಗೋ ಬಿದ್ದಿರುತ್ತದೆ. ಮೊಳೆ ಕೀಳಲಿಕ್ಕೂ ಅದೇ, ನಳ ತಿರುವಲಿಕ್ಕೂ ಅದೇ, ನಟ್ ಬಿಚ್ಚಲಿಕ್ಕೂ ಅದೇ. ಇಕ್ಕಳ ಕೈಗೆ ಸಿಗದಿದ್ದರೆ ಒಲೆ ಮೇಲಿನ ಬಿಸಿ ಪಾತ್ರೆ ಇಳಿಸಲಿಕ್ಕೂ ಅದೇ. ಆಮೇಲೆ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಹೊಸ ನಳದ ಹೊಳಪಿನ ಮೇಲೆ ಹಲ್ಲಿನ ಗೀರು ಬೀಳುತ್ತದೆ. ಮೊಳೆಯ ತಲೆ ಕಿತ್ತು ಬಂದು ಉಳಿದದ್ದು ಕಟ್ಟಿಗೆಯೊಳಗೇ ಕೂರುತ್ತದೆ. ಬೈಗುಳ ಮಾತ್ರ ಪಕ್ಕಡಕ್ಕೆ.

ಕೈಗೆ ಸಾಮಾನು ತೆಗೆದುಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಂಡರೆ ಈ ಗೋಳು ಬಹಳಷ್ಟು ತಪ್ಪುತ್ತದೆ. ಹಿಡಿಯಬೇಕಾದದ್ದು ಚಪ್ಪಟೆಯೋ, ದುಂಡಗೋ, ಆರು ಮೂಲೆಯದೋ? ಅದನ್ನು ಸುಮ್ನೆ ಹಿಡಿದಿರಬೇಕೋ, ಎಳೆಯಬೇಕೋ, ತಿರುವಬೇಕೋ? ಅದರ ಮೇಲೆ ಗೀರು ಬಿದ್ದರೆ ನಡೆಯುತ್ತದೋ ಇಲ್ಲವೋ? ಉತ್ತರ ಸಿಕ್ಕರೆ ಯಾವ ಸಾಮಾನು ಬೇಕು ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಏನಂತ ಕೇಳಬೇಕು

ರಾಯಚೂರಿನ ತೀನ್ ಕಂದೀಲ್ ಸರ್ಕಲ್ ಕಡೆ ಹೋಗಿ ಬರೀ "ಪಕ್ಕಡ ಕೊಡ್ರಿ" ಅಂದರೆ ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ. ನಮ್ಮೂರಲ್ಲಿ ಕನ್ನಡ, ಉರ್ದು, ತೆಲುಗು ಮೂರೂ ಒಂದೇ ಗಲ್ಲೆಯ ಮೇಲೆ ಓಡಾಡುತ್ತವೆ. ಒಬ್ಬರು ಇಕ್ಕಳ ಅಂತಾರೆ, ಇನ್ನೊಬ್ಬರು ಪಕ್ಕಡ್, ಮತ್ತೊಬ್ಬರು ಪಟಕಾರ. ಮೂರು ಮಾತಿಗೂ ಹಿಡಿಯುವ ಸಾಮಾನು ಅಂತಲೇ ಅರ್ಥ, ಯಾವ ಸಾಮಾನು ಅನ್ನೋದು ಮಾತ್ರ ತಿಳಿಯೋದಿಲ್ಲ. ಅದಕ್ಕೇ ಪಾಕೀಟಿನ ಮೇಲೆ ಇರುವ ಹೆಸರಲ್ಲೇ ಕೇಳಿದರೆ ಸಲೀಸು.

ತಂತಿ ಹಿಡಿದು ಕತ್ತರಿಸುವ, ಎಲ್ಲರ ಮನೆಯಲ್ಲೂ ಇರುವ ಸಾಮಾನು ಕಾಂಬಿನೇಷನ್ ಪ್ಲೇಯರ್. ನಮ್ಮವರ ಬಾಯಲ್ಲಿ ಅದು ಕಟಿಂಗ್ ಪ್ಲೇಯರ್. ಉದ್ದ ಮೂಗಿನದು ನೋಸ್ ಪ್ಲೇಯರ್. ಕೀಲು ಸರಿಸಿ ಬಾಯಿಯನ್ನು ದೊಡ್ಡದು ಸಣ್ಣದು ಮಾಡಿಕೊಳ್ಳುವಂಥದ್ದು ವಾಟರ್ ಪಂಪ್ ಪ್ಲೇಯರ್. ಹಿಡಿದ ಮೇಲೆ ಕೈ ಬಿಟ್ಟರೂ ಬಿಡದೆ ಕಚ್ಚಿಕೊಂಡಿರುವುದು ವೈಸ್ ಗ್ರಿಪ್. ಕಬ್ಬಿಣದ ಪೈಪು ತಿರುವುವುದು ಪೈಪ್ ರೆಂಚ್. ಮೊಳೆ ಕೀಳುವ, ಗುಂಡು ತಲೆಯ, ಏಡಿ ಕೊಂಡಿಯಂಥ ಬಾಯಿ ಇರುವುದು ಪಿನ್ಸರ್. ಪ್ಲೇಯರಿಗೂ ಪಿನ್ಸರಿಗೂ ಬಹಳ ಜನ ವ್ಯತ್ಯಾಸ ಮಾಡೋದಿಲ್ಲ. ಬಾಯಿ ನೋಡಿ ಗುರುತು ಹಿಡಿಯಬಹುದು. ಪ್ಲೇಯರಿನ ಬಾಯಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಪಿನ್ಸರಿನ ಬಾಯಿ ತುದಿಯಲ್ಲಿ ಅಡ್ಡಕ್ಕೆ ಮುಚ್ಚುತ್ತದೆ.

ಮನೆಗೆ ಒಂದೇ ಕೊಳ್ಳೋದಾದರೆ ಎಂಟು ಇಂಚಿನ ಕಾಂಬಿನೇಷನ್ ಪ್ಲೇಯರ್ ಸಾಕು. ಕೈ ಸಣ್ಣದಿದ್ದವರಿಗೆ ಏಳು ಇಂಚಿನದು ಹಿತ. ಆರು ಇಂಚಿನದರಲ್ಲಿ ಬಲ ಕಡಿಮೆ ಸಿಗುತ್ತದೆ, ದಪ್ಪ ತಂತಿ ಕತ್ತರಿಸುವಾಗ ಬೆವರು ಇಳಿಯುತ್ತದೆ.

ಕೊಳ್ಳುವಾಗ ಹೀಗೆ ನೋಡಿ

ಹೆಸರಿರುವ ಕಂಪನಿಯದನ್ನೇ ತೆಗೆದುಕೊಂಡರೂ ಪಾಕೀಟು ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ. "ಅಣ್ಣಾರ, ಎರಡು ಮೂರು ತೆಗೀರಿ, ನೋಡಿ ತಗೋತೀನಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ.

ಮೊದಲು ಬಾಯಿ ಮುಚ್ಚಿ, ಬೆಳಕಿಗೆ ಎದುರಾಗಿ ಹಿಡಿಯಿರಿ. ತುದಿ ಎರಡೂ ಸರಿಯಾಗಿ ಕೂಡಬೇಕು. ತುದಿ ಕೂಡುವ ಮೊದಲೇ ಹಿಂದೆ ಎಲ್ಲೋ ತಗುಲಿ ನಿಂತರೆ ಅದು ಸಣ್ಣ ತಂತಿ ಹಿಡಿಯೋದಿಲ್ಲ, ಜಾರಿಸುತ್ತದೆ. ಒಂದು ತುದಿ ಮೇಲೆ, ಇನ್ನೊಂದು ಕೆಳಗೆ ಇದ್ದರೆ ಅದನ್ನು ಅಲ್ಲೇ ವಾಪಸ್ ಇಡಿ.

ಆಮೇಲೆ ಕತ್ತರಿಸುವ ಜಾಗ ನೋಡಿ. ಅಂಗಡಿಯ ಬಿಲ್ ಚೀಟಿಯನ್ನೇ ಕಟ್ಟರಿನಲ್ಲಿ ಇಟ್ಟು ಮುಚ್ಚಿ. ಇಡೀ ಉದ್ದಕ್ಕೂ ಚೊಕ್ಕಾಗಿ ಕತ್ತರಿಸಬೇಕು. ಕಾಗದ ಒಂದು ಕಡೆ ಮಡಚಿಕೊಂಡು ಉಳಿದರೆ ಅಲ್ಲಿ ಎರಡು ಅಲಗು ಕೂಡಿಲ್ಲ. ನಾಳೆ ತಾಮ್ರದ ಎಳೆಗಳೂ ಅಲ್ಲೇ ಉಳಿಯುತ್ತವೆ.

ಮೂರನೆಯದು ಕೀಲು. ಒಂದು ಹಿಡಿಕೆ ಹಿಡಿದು ಇನ್ನೊಂದನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಪಕ್ಕಕ್ಕೆ ಆಟ ಇರಬಾರದು. ಹಾಗಂತ ಎರಡು ಕೈ ಹಾಕಿ ತೆರೆಯುವಷ್ಟು ಬಿಗಿಯೂ ಇರಬಾರದು. ಹೊಸದು ಸ್ವಲ್ಪ ಬಿಗಿ ಇದ್ದರೆ ಪರವಾಗಿಲ್ಲ, ಎಣ್ಣೆ ಬಿದ್ದರೆ ಸಡಿಲವಾಗುತ್ತದೆ. ಸಡಿಲ ಇದ್ದದ್ದು ಮಾತ್ರ ಬಿಗಿಯಾಗೋದಿಲ್ಲ.

ಕೊನೆಗೆ ಹಿಡಿಕೆಯ ಕವರ್. ಇಲ್ಲಿ ಜನ ಮೋಸ ಹೋಗುತ್ತಾರೆ. ಕೆಂಪು, ಹಳದಿ ಪ್ಲಾಸ್ಟಿಕ್ ಕವರ್ ಇದ್ದ ಮಾತ್ರಕ್ಕೆ ಕರೆಂಟ್ ಹೊಡೆಯೋದಿಲ್ಲ ಅಂತ ಅಲ್ಲ. ಹಲವು ಪ್ಲೇಯರ್‌ಗಳಲ್ಲಿ ಆ ಕವರ್ ಇರುವುದು ಕೈಗೆ ಹಿತವಾಗಲಿ ಅಂತ ಅಷ್ಟೇ. ವಿದ್ಯುತ್ ಕೆಲಸಕ್ಕೇ ಮಾಡಿ, ಪರೀಕ್ಷೆಯಾದ ಸಾಮಾನಿನ ಮೇಲೆ ಎರಡು ತ್ರಿಕೋನದ ಗುರುತು ಮತ್ತು 1000 ವಿ ಅಂತ ಅಚ್ಚು ಇರುತ್ತದೆ. ಐಇಸಿ 60900 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಗುರುತು ಅದು. ಎಸಿ ಕರೆಂಟಾದರೆ 1000 ವೋಲ್ಟ್ ವರೆಗೆ, ಡಿಸಿ ಆದರೆ 1500 ವೋಲ್ಟ್ ವರೆಗೆ. ಆ ಗುರುತು ಇದ್ದರೂ ಕವರ್ ಸೀಳಿದ್ದರೆ, ಕರಗಿದ್ದರೆ, ಜಾರಿ ಹೊರಗೆ ಬರುತ್ತಿದ್ದರೆ ಕರೆಂಟಿನ ಹತ್ತಿರ ಒಯ್ಯಬೇಡಿ. ಮೇಲೆ ಟೇಪ್ ಸುತ್ತಿದರೆ ಸರಿಹೋಯಿತು ಅಂದುಕೊಳ್ಳುವವರೂ ಇದ್ದಾರೆ. ಸರಿಹೋಗಿರೋದಿಲ್ಲ.

ಒಂದೇ ಬಾಯಲ್ಲಿ ಮೂರು ಜಾಗ

ಕಾಂಬಿನೇಷನ್ ಪ್ಲೇಯರಿನ ಬಾಯನ್ನು ಒಮ್ಮೆ ಹತ್ತಿರದಿಂದ ನೋಡಿ. ತುದಿಯಲ್ಲಿ ಚಪ್ಪಟೆ, ಸಣ್ಣ ಸಣ್ಣ ಅಡ್ಡ ಗೆರೆ. ಅದರ ಹಿಂದೆ ಮೊಟ್ಟೆ ಆಕಾರದ ಸಂದು, ಅದರಲ್ಲಿ ದೊಡ್ಡ ಹಲ್ಲು. ಅದರ ಹಿಂದೆ, ಕೀಲಿಗೆ ಅಂಟಿಕೊಂಡಂತೆ, ಕತ್ತರಿಸುವ ಅಲಗು. ತುದಿ ಇರುವುದು ಚಪ್ಪಟೆ ತಗಡು, ತಂತಿ ಹಿಡಿಯಲಿಕ್ಕೆ. ನಡುವಿನ ಸಂದು ದುಂಡನೆಯ ಸರಳು, ಸಣ್ಣ ಪೈಪು ಹಿಡಿಯಲಿಕ್ಕೆ. ದುಂಡನೆಯದನ್ನು ತುದಿಯಲ್ಲಿ ಹಿಡಿದು ಜಾರುತ್ತದೆ ಅಂತ ಗೊಣಗುವವರೇ ಜಾಸ್ತಿ.

ಅಲಗನ್ನು ಕೀಲಿನ ಹತ್ತಿರ ಇಟ್ಟಿರುವುದು ಬಲದ ಲೆಕ್ಕಕ್ಕೆ. ಎಂಟು ಇಂಚಿನ ಪ್ಲೇಯರಿನಲ್ಲಿ ನಿಮ್ಮ ಕೈ ಕೀಲಿನಿಂದ 12 ಸೆಂ.ಮೀ. ದೂರ ಇದೆ ಅಂತಿಟ್ಟುಕೊಳ್ಳಿ. ತುದಿ ಕೀಲಿನಿಂದ 4 ಸೆಂ.ಮೀ. ದೂರ ಇದ್ದರೆ ಅಲ್ಲಿ ನಿಮ್ಮ ಬಲ ಮೂರು ಪಟ್ಟು. ಕೀಲಿನಿಂದ ಒಂದೂವರೆ ಸೆಂ.ಮೀ. ದೂರದಲ್ಲಿ ಎಂಟು ಪಟ್ಟು. ಹಾಗಾಗಿ ತಂತಿ ಕತ್ತರಿಸುವಾಗ ಅದನ್ನು ಆದಷ್ಟು ಒಳಕ್ಕೆ ತಳ್ಳಿ, ಕೈಯನ್ನು ಹಿಡಿಕೆಯ ತುದಿಗೆ ಸರಿಸಿ. ಬಹಳ ಜನ ಕೀಲಿನ ಹತ್ತಿರ ಮುಷ್ಟಿ ಕಟ್ಟಿ ಹಲ್ಲು ಕಚ್ಚುತ್ತಾರೆ. ಅಲ್ಲಿ ಅರ್ಧ ಬಲ ಹೋಗುತ್ತದೆ, ಚರ್ಮವೂ ಸಿಕ್ಕಿಕೊಳ್ಳುತ್ತದೆ.

ಬೇಲಿಯ ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ ತಂತಿ) ಕತ್ತರಿಸುವಾಗ ಇನ್ನೊಂದು ಮಾತು. ಬಿಗಿಯಾಗಿ ಎಳೆದ ತಂತಿ ಕತ್ತರಿಸಿದ ಕೂಡಲೇ ಚಾಟಿಯಂತೆ ಹಾರುತ್ತದೆ. ಮೊದಲು ಅದರ ಬಿಗುವು ಇಳಿಸಿ. ಎರಡೂ ಕಡೆ ಯಾರಾದರೂ ಹಿಡಿದಿರಲಿ, ಅಥವಾ ಕಾಲಿನ ಕೆಳಗೆ ಒತ್ತಿಕೊಳ್ಳಿ. ಮುಖ ಪಕ್ಕಕ್ಕೆ ತಿರುಗಿಸಿ. ಸಣ್ಣ ತುಂಡು ಕತ್ತರಿಸುವಾಗ ಅದು ನೆಲಕ್ಕೆ ಹಾರುವಂತೆ ಬಾಯಿ ಕೆಳಗೆ ಮಾಡಿ. ಸ್ಪ್ರಿಂಗು, ಸೈಕಲ್ ಸ್ಪೋಕು, ಕಾಂಕ್ರೀಟ್ ಮೊಳೆ, ಇವುಗಳಿಗೆ ಮನೆಯ ಪ್ಲೇಯರ್ ಹಾಕಬೇಡಿ. ಅವು ಗಟ್ಟಿ ಉಕ್ಕು. ತುಂಡಾಗುವುದು ಅತ್ತ ಇರಲಿ, ನಿಮ್ಮ ಅಲಗಿನಲ್ಲೇ ಕಚ್ಚು ಬೀಳುತ್ತದೆ. ಒಮ್ಮೆ ಕಚ್ಚು ಬಿದ್ದರೆ ಆ ಪ್ಲೇಯರ್ ಸಣ್ಣ ವೈರು ಕತ್ತರಿಸಲಿಕ್ಕೂ ಬರೋದಿಲ್ಲ.

ಕರೆಂಟಿನ ಕೆಲಸ ಅಂದರೆ ಮೊದಲು ಮೇನ್ ಬಂದ್. ಟೆಸ್ಟರ್ ಹಚ್ಚಿ ನೋಡಿ. ಆ ಟೆಸ್ಟರ್ ಕೆಲಸ ಮಾಡುತ್ತಿದೆಯಾ ಅಂತ ಮೇನ್ ಬಂದ್ ಮಾಡುವ ಮೊದಲೇ ಕರೆಂಟಿರುವ ಪ್ಲಗ್ಗಿನಲ್ಲಿ ನೋಡಿಕೊಂಡಿರಿ. ಎರಡು ವೈರನ್ನು ಒಟ್ಟಿಗೆ ಕತ್ತರಿಸಬೇಡಿ, ಮೇನ್ ಬಂದ್ ಮಾಡಿದ್ದೀನಿ ಅಂತ ಖಾತ್ರಿ ಇದ್ದರೂ ಒಂದೊಂದಾಗಿಯೇ ಕತ್ತರಿಸಿ. ಹೊಲದ ಮೋಟರಿಗೆ ಬರುವುದು ಮೂರು ಫೇಸಿನ 415 ವೋಲ್ಟ್. ರಾತ್ರಿ ಕರೆಂಟ್ ಬಂತು ಅಂತ ಬ್ಯಾಟರಿ ಬೆಳಕಲ್ಲಿ, ಒದ್ದೆ ಕಾಲಲ್ಲಿ ಸ್ಟಾರ್ಟರಿಗೆ ಪಕ್ಕಡ ಹಾಕುವವರನ್ನು ಕಾಲುವೆ ಕೆಳಗಿನ ಊರುಗಳಲ್ಲಿ ಇವತ್ತಿಗೂ ನೋಡಬಹುದು. ನೀರು ಒಂದು ದಿನ ತಡವಾದರೆ ಭತ್ತ ಸಾಯೋದಿಲ್ಲ. ಟಿಸಿಯ (ಟ್ರಾನ್ಸ್‌ಫಾರ್ಮರಿನ) ಫ್ಯೂಸ್ ಹೋಗಿದ್ದರೆ ವಿದ್ಯುತ್ ಕಂಪನಿ ಜೆಸ್ಕಾಂನ ಲೈನ್‌ಮನ್‌ನನ್ನೇ ಕರೆಯಿರಿ. ಅಲ್ಲಿ ಯಾವ ಕಂಪನಿಯ ಪ್ಲೇಯರ್ ಆದರೂ ನಿಮ್ಮ ಕೈಗೆ ತಕ್ಕದ್ದಲ್ಲ.

ನಟ್ಟಿಗೆ ಪ್ಲೇಯರ್ ಬೇಡ

ಪ್ಲೇಯರ್ ತೆರೆದಾಗ ಅದರ ಎರಡು ದವಡೆ ಸಮಾನಾಂತರವಾಗಿ ನಿಲ್ಲೋದಿಲ್ಲ, ಇಳಿಜಾರಾಗಿ ನಿಲ್ಲುತ್ತವೆ. ನಟ್ಟಿನ ಎದುರು ಬದುರು ಮುಖಗಳೋ ಸಮಾನಾಂತರ. ಹೀಗಾಗಿ ಪ್ಲೇಯರ್ ನಟ್ಟಿನ ಮುಖವನ್ನು ಪೂರ್ತಿ ಹಿಡಿಯದೆ ಅಂಚನ್ನಷ್ಟೇ ಕಚ್ಚುತ್ತದೆ. ತಿರುವಿದ ಕೂಡಲೇ ಜಾರುತ್ತದೆ, ಜಾರಿದಾಗಲೆಲ್ಲ ಮೂಲೆ ಸವೆಯುತ್ತದೆ. ನಟ್ಟಿಗೆ ಅದರ ಅಳತೆಯ ಪಾನಾ (ಸ್ಪ್ಯಾನರ್) ಹಾಕಿ. ರಿಂಗ್ ಪಾನಾ ಇದ್ದರೆ ಇನ್ನೂ ಒಳ್ಳೆಯದು, ಅದು ಆರೂ ಮೂಲೆ ಹಿಡಿಯುತ್ತದೆ.

ತುಕ್ಕು ಹಿಡಿದ ನಟ್ಟಾದರೆ ಅವಸರ ಬೇಡ. ಬೋಲ್ಟಿನ ಥ್ರೆಡ್ಡಿನ (ಸುರುಳಿ ಗೆರೆಯ) ಮೇಲಿನ ಮಣ್ಣನ್ನು ತಂತಿ ಬ್ರಷ್‌ನಿಂದ ಉಜ್ಜಿ. ಡೀಸೆಲ್ಲೋ, ತುಕ್ಕು ಬಿಡಿಸುವ ಸ್ಪ್ರೇಯೋ ಹಾಕಿ ಬಿಡಿ. ಸಂಜೆ ಹಾಕಿ ಬೆಳಿಗ್ಗೆ ನೋಡಿದರೆ ಉತ್ತಮ. ಆಮೇಲೆ ನಟ್ಟಿನ ಪಕ್ಕಕ್ಕೆ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕೈದು ಏಟು. ಪಾನಾ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿಯ ಕಡೆಗೇ ತಿರುವಿ, ಆಮೇಲೆ ಬಿಚ್ಚುವ ಕಡೆ. ಬಿಗಿಯ ಕಡೆ ಸ್ವಲ್ಪ ಅಲುಗಿದರೆ ತುಕ್ಕಿನ ಹಿಡಿತ ಒಡೆಯುತ್ತದೆ.

ಮೂಲೆ ಈಗಾಗಲೇ ಹೋಗಿದೆಯಾ? ಆಗ ವೈಸ್ ಗ್ರಿಪ್ ತೆಗೆಯಿರಿ. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋದ ವಿಲಿಯಂ ಪೀಟರ್ಸನ್ ಅನ್ನುವ ಕಮ್ಮಾರ ನೆಬ್ರಾಸ್ಕಾದ ಡಿವಿಟ್ ಊರಲ್ಲಿ ಮಾಡಿದ ಸಾಮಾನು ಇದು. ಬಡಿಯುವಾಗ ಕಾದ ಕಬ್ಬಿಣ ಹಿಡಿದಿರಲಿಕ್ಕೆ ಒಂದು ಕೈ ಹೋಗುತ್ತಿತ್ತು. ಆ ಕೈ ಬಿಡಿಸಿಕೊಳ್ಳಲಿಕ್ಕೇ ಅವನು ಇದನ್ನು ರೂಪಿಸಿದ. ಮೊದಲ ಪೇಟೆಂಟ್ 1921ರದ್ದು, ಲಾಕ್ ಆಗುವ ಹಿಡಿಕೆ 1924ರಲ್ಲಿ ಬಂತು.

ಬಳಸುವ ರೀತಿ ಸುಲಭ. ಒಂದು ಹಿಡಿಕೆಯ ಬುಡದಲ್ಲಿ ಸ್ಕ್ರೂ ಇರುತ್ತದೆ. ಅದನ್ನು ತಿರುವಿ ಬಾಯಿಯನ್ನು ನಟ್ಟಿಗಿಂತ ತುಸು ಸಣ್ಣದಾಗಿ ಹೊಂದಿಸಿ. ನಟ್ಟಿಗೆ ಹಾಕಿ ಹಿಡಿಕೆ ಒತ್ತಿ. ಟಕ್ ಅಂತ ಸದ್ದು ಬಂದು ಕಚ್ಚಿಕೊಳ್ಳಬೇಕು. ಸಲೀಸಾಗಿ ಮುಚ್ಚಿಕೊಂಡರೆ ಹಿಡಿತ ಸಾಲದು, ಬಿಚ್ಚಿ ಸ್ಕ್ರೂವನ್ನು ಅರ್ಧ ಸುತ್ತು ಒಳಕ್ಕೆ ತಿರುವಿ. ಎರಡು ಕೈ ಹಾಕಿದರೂ ಮುಚ್ಚದಿದ್ದರೆ ಅರ್ಧ ಸುತ್ತು ಹೊರಕ್ಕೆ. ಬಿಡಿಸಲಿಕ್ಕೆ ಒಳಗಿರುವ ಸಣ್ಣ ಗುಂಡಿಯಂಥ ಲಿವರ್ ಒತ್ತಿ. ಒತ್ತುವಾಗ ಹಿಡಿಕೆ ಪಟ್ಟನೆ ತೆರೆದುಕೊಳ್ಳುತ್ತದೆ, ಬೆರಳು ನಡುವೆ ಬರದಂತೆ ನೋಡಿಕೊಳ್ಳಿ. ಈ ನಟ್ಟು ಬಂದ ಮೇಲೆ ಮತ್ತೆ ಹಾಕಬೇಡಿ, ಹೊಸದು ತಂದು ಹಾಕಿ.

ಪೈಪು ಮತ್ತು ನಳ

ಬೋರ್‌ವೆಲ್ಲಿನ ಕಬ್ಬಿಣದ ಪೈಪಿಗೆ ಪೈಪ್ ರೆಂಚೇ ಬೇಕು. ಇದರ ಮೂಲ ರೂಪವನ್ನು ಅಮೆರಿಕದ ಡೇನಿಯಲ್ ಸ್ಟಿಲ್ಸನ್ 1870ರ ಆಸುಪಾಸಿನಲ್ಲಿ ಮಾಡಿದ, ಅದಕ್ಕೇ ಸ್ಟಿಲ್ಸನ್ ರೆಂಚ್ ಅಂತಲೂ ಕರೆಯುತ್ತಾರೆ. ಇದರ ಮೇಲಿನ ದವಡೆ ಸ್ವಲ್ಪ ಅಲುಗಾಡುತ್ತದೆ. ಹೊಸಬರು ಅದನ್ನು ನೋಡಿ ಹಾಳಾಗಿದೆ ಅಂದುಕೊಳ್ಳುತ್ತಾರೆ. ಆ ಅಲುಗಾಟದಿಂದಲೇ ಅದು ಕೆಲಸ ಮಾಡುವುದು. ಹಿಡಿಕೆ ಎಳೆದಷ್ಟೂ ದವಡೆ ಓರೆಯಾಗಿ ಪೈಪನ್ನು ಇನ್ನಷ್ಟು ಕಚ್ಚುತ್ತದೆ. ಆದರೆ ಒಂದೇ ದಿಕ್ಕಿಗೆ. ಬಾಯಿ ತೆರೆದಿರುವ ಕಡೆಗೇ ಹಿಡಿಕೆ ಎಳೆಯಬೇಕು. ಉಲ್ಟಾ ಎಳೆದರೆ ಜಾರುತ್ತದೆ, ನೀವೂ ಹಿಂದಕ್ಕೆ ಬೀಳುತ್ತೀರಿ.

ಪೈಪನ್ನು ದವಡೆಯ ನಡುವಿನ ಹಲ್ಲಿಗೆ ತಾಗಿಸಿ, ಹಿಂದೆ ಬಾಯಿಯ ಮೂಲೆಯಲ್ಲಿ ಒಂದು ಬೆರಳಿನಷ್ಟು ಸಂದು ಬಿಡಿ. ಮೂಲೆಗೆ ಪೂರ್ತಿ ತುರುಕಿದರೆ ದವಡೆ ಓರೆಯಾಗಲಿಕ್ಕೆ ಜಾಗ ಇರೋದಿಲ್ಲ. ಕೂಡಿಸಿದ ಪೈಪು ಬಿಚ್ಚುವಾಗ ಎರಡು ರೆಂಚ್ ಬೇಕು. ಒಂದು ಪೈಪುಗಳನ್ನು ಕೂಡಿಸುವ ಸಾಕೆಟ್ಟಿಗೆ, ಅದು ಅಲುಗಬಾರದು. ಇನ್ನೊಂದು ಪೈಪಿಗೆ. ಎರಡರ ಬಾಯಿ ಎದುರು ಬದುರು ದಿಕ್ಕಿಗೆ. ಒಂದೇ ಹಾಕಿದರೆ ಕೆಳಗಿನ ಯಾವುದೋ ಜೋಡಣೆ ಸಡಿಲಾಗಿ, ಮೋಟರ್ ಬೋರಿನೊಳಗೆ ಹೋಯಿತು ಅಂದರೆ ಆ ಖರ್ಚಿನಲ್ಲಿ ಹತ್ತು ರೆಂಚ್ ಬರುತ್ತವೆ. ಮನೆಯ ಅರ್ಧ ಇಂಚು, ಒಂದು ಇಂಚಿನ ಪೈಪಿಗೆ 14 ಇಂಚಿನ ರೆಂಚ್ ಧಾರಾಳ. ಬಲ ಸಾಲದು ಅಂತ ಹಿಡಿಕೆಗೆ ಇನ್ನೊಂದು ಪೈಪ್ ತೂರಿಸಿ ಉದ್ದ ಮಾಡಬೇಡಿ. ಹಿಡಿಕೆ ಬಗ್ಗುತ್ತದೆ, ಇಲ್ಲವೇ ದವಡೆ ಮುರಿದು ಮುಖಕ್ಕೆ ಬರುತ್ತದೆ. ದೊಡ್ಡ ರೆಂಚ್ ಬಾಡಿಗೆಗೆ ತನ್ನಿ.

ಪ್ಲಾಸ್ಟಿಕ್ ಪೈಪಿಗೆ ಈ ರೆಂಚ್ ಹಚ್ಚಲೇಬಾರದು. ಹಲ್ಲಿನ ಗುರುತಿನಿಂದಲೇ ಮುಂದೆ ಬಿರುಕು ಶುರುವಾಗುತ್ತದೆ. ಹೊಳಪಿನ ನಳಕ್ಕೆ ವಾಟರ್ ಪಂಪ್ ಪ್ಲೇಯರ್ ಸರಿ, ನಡುವೆ ದಪ್ಪ ಬಟ್ಟೆ ಅಥವಾ ಹಳೆ ಸೈಕಲ್ ಟ್ಯೂಬಿನ ತುಂಡು ಇಟ್ಟು ತಿರುವಿ. ನಳ ಸೋರುತ್ತಿದೆ ಅಂತ ಮತ್ತೆ ಮತ್ತೆ ಬಿಗಿ ಮಾಡೋದು ನಮ್ಮ ಜನರ ಚಾಳಿ. ಸೋರುವುದು ವಾಷರ್ ಅಥವಾ ಥ್ರೆಡ್ಡಿಗೆ ಸುತ್ತಿದ ಟೇಪಿನ ತಕರಾರು. ಬಿಚ್ಚಿ ಹಳೆ ಟೇಪ್ ಕಿತ್ತು, ಥ್ರೆಡ್ ನಿಮ್ಮ ಕಡೆ ಮುಖ ಮಾಡಿರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ಕಡೆಗೆ ಹೊಸ ಟೇಪ್ ಸುತ್ತಿ. ಉಲ್ಟಾ ಸುತ್ತಿದರೆ ಕೂರಿಸುವಾಗ ಬಿಚ್ಚಿಕೊಳ್ಳುತ್ತದೆ.

ಮೊಳೆ ಕೀಳೋದು

ಪಿನ್ಸರಿನ ಗುಂಡು ತಲೆ ಅಂದಕ್ಕೆ ಇಟ್ಟದ್ದಲ್ಲ. ಮೊಳೆಯನ್ನು ಕಟ್ಟಿಗೆಗೆ ತಾಗುವಷ್ಟು ಬುಡದಲ್ಲಿ ಹಿಡಿಯಿರಿ. ತಲೆಯ ಕೆಳಗೆ ಒಂದು ತೆಳು ಹಲಗೆ ತುಂಡು ಇಡಿ, ಇಲ್ಲದಿದ್ದರೆ ಬಾಗಿಲಿಗೆ ಗುಳಿ ಬೀಳುತ್ತದೆ. ನೇರ ಎಳೆಯದೆ ಹಿಡಿಕೆಯನ್ನು ಪಕ್ಕಕ್ಕೆ ಬಗ್ಗಿಸಿ, ಗುಂಡು ತಲೆ ಹಲಗೆಯ ಮೇಲೆ ಉರುಳಲಿ. ಮೊಳೆ ತುಸು ಮೇಲೆ ಬಂದ ಮೇಲೆ ಬಿಟ್ಟು, ಮತ್ತೆ ಬುಡದಲ್ಲಿ ಹಿಡಿದು ಉರುಳಿಸಿ. ಹಿಡಿಯುವಾಗ ಜೋರಾಗಿ ಒತ್ತಿದರೆ ಮೊಳೆಯೇ ಕತ್ತರಿಸಿ ಹೋಗಬಹುದು. ಪಿನ್ಸರಿನ ಬಾಯಿ ಹರಿತ.

ಅಡುಗೆಮನೆಯ ಇಕ್ಕಳ

ಚಹಾ ಅಂಗಡಿಯಲ್ಲಿ ಕುದಿಯುವ ಪಾತ್ರೆಯನ್ನು ಇಕ್ಕಳದಲ್ಲಿ ಎತ್ತಿ ಸೋಸುವುದನ್ನು ಗಮನಿಸಿ. ಅವರು ಪಾತ್ರೆಯ ಅಂಚನ್ನು ಇಕ್ಕಳದ ಬಾಯೊಳಗೆ ಆಳವಾಗಿ ಕೂರಿಸಿ, ಹಿಡಿಕೆಯನ್ನು ಪೂರ್ತಿ ಮುಷ್ಟಿಯಲ್ಲಿ ಹಿಡಿದಿರುತ್ತಾರೆ. ಎತ್ತುವ ಮೊದಲು ಒಮ್ಮೆ ಅರ್ಧ ಇಂಚು ಎತ್ತಿ ತೂಕ ನೋಡುತ್ತಾರೆ. ಮನೆಯಲ್ಲೂ ಹಾಗೇ ಮಾಡಿ. ಅಂಚು ಹೊರಕ್ಕೆ ಮಡಚಿರುವ ದಬರಿಗೆ ಅಂಚು ಕೂರುವಂಥ ಬಾಗಿದ ಬಾಯಿಯ ಇಕ್ಕಳ ಬೇಕು. ಅಂಚಿಲ್ಲದ ಸ್ಟೀಲ್ ಪಾತ್ರೆಗೆ ಚಪ್ಪಟೆ ಬಾಯಿಯದು. ಅಂಚಿಗೆ ಎಣ್ಣೆ ಅಥವಾ ನೀರು ಮೆತ್ತಿದ್ದರೆ ಮೊದಲು ಒರೆಸಿ. ಮುಕ್ಕಾಲು ತುಂಬಿದ ದೊಡ್ಡ ಪಾತ್ರೆಗೆ ಒಂದು ಇಕ್ಕಳ ಸಾಲದು, ಎರಡು ಕಡೆ ದಪ್ಪ ಬಟ್ಟೆ ಹಿಡಿಯಿರಿ. ಮಿರ್ಚಿ ಕರಿದ ಬಿಸಿ ಎಣ್ಣೆಯ ಬಾಣಲಿಯನ್ನಂತೂ ಇಕ್ಕಳದಲ್ಲಿ ಎತ್ತಲೇಬೇಡಿ. ಒಲೆ ಆರಿಸಿ, ಅಲ್ಲೇ ತಣಿಯಲಿಕ್ಕೆ ಬಿಡಿ. ಇಕ್ಕಳದ ರಿವೆಟ್ ಸಡಿಲಾದರೆ ಬಡಿದು ಸರಿ ಮಾಡುವ ಗೋಜು ಬೇಡ, ಹೊಸದು ತನ್ನಿ.

ಧೂಳು ಮತ್ತು ಬಿಸಿಲು

ನಮ್ಮ ಕಡೆ ಸಾಮಾನು ಹಾಳಾಗುವುದು ತುಕ್ಕಿಗಿಂತ ಜಾಸ್ತಿ ಧೂಳಿನಿಂದ. ಎರೆಮಣ್ಣಿನ ಪುಡಿ ಕೀಲಿನೊಳಗೆ ಹೊಕ್ಕು ಎಣ್ಣೆ ಜೊತೆ ಸೇರಿ ಗಟ್ಟಿ ಅಂಟಾಗುತ್ತದೆ. ಸಂಡೂರಿನ ಗಣಿ ಧೂಳಾದರೆ ಕೀಲನ್ನೇ ಸವೆಸುತ್ತದೆ. ಬಿಗಿಯಾಯಿತು ಅಂತ ಅದರ ಮೇಲೇ ಎಣ್ಣೆ ಸುರಿಯಬೇಡಿ. ಮೊದಲು ಡೀಸೆಲ್ಲಿನಲ್ಲಿ ಅದ್ದಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜುತ್ತಾ ತೆರೆದು ಮುಚ್ಚಿ ಮಾಡಿ. ಕಪ್ಪು ಕೊಳೆ ಬರುವುದು ನಿಂತ ಮೇಲೆ ಒರೆಸಿ, ಕೀಲಿಗೆ ಒಂದೇ ಹನಿ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟು, ಮೇಲಿನದು ಒರೆಸಿಬಿಡಿ. ಮೇ ತಿಂಗಳ ಬಿಸಿಲಿಗೆ ಹೊಲದ ಬದುವಿನ ಮೇಲೆ ಬಿಟ್ಟ ಪಕ್ಕಡ ಕೈ ಸುಡುತ್ತದೆ, ಕವರೂ ಮೆತ್ತಗಾಗಿ ಸರಿದುಬಿಡುತ್ತದೆ. ಪಕ್ಕಡವನ್ನು ಸುತ್ತಿಗೆ ಮಾಡಿಕೊಳ್ಳಬೇಡಿ, ಬೆಂಕಿಯಲ್ಲಿ ಹಿಡಿಯಬೇಡಿ. ಕೆಂಪಗೆ ಕಾದರೆ ಉಕ್ಕಿನ ಹದ ಹೋಗುತ್ತದೆ.

ಮುಳ್ಳಿಗೆ ಚಿಮಟಿಗೆ

ಬಳ್ಳಾರಿ ಜಾಲಿ ಇರುವ ನಾಡಿನಲ್ಲಿ ಚಿಮಟಿಗೆಯ ಮಾತಿಲ್ಲದೆ ಈ ಬರಹ ಮುಗಿಯೋದಿಲ್ಲ. ಹಳಬರು ಅದನ್ನು ಉಡದಾರಕ್ಕೆ ಕಟ್ಟಿಕೊಂಡೇ ಹೊಲಕ್ಕೆ ಹೋಗುತ್ತಿದ್ದರು. ಕೊಳ್ಳುವಾಗ ಅದರ ತುದಿಯಲ್ಲಿ ಒಂದೇ ಒಂದು ಕೂದಲು ಹಿಡಿದು ಎಳೆದು ನೋಡಿ. ಜಾರಿದರೆ ಮುಳ್ಳನ್ನೂ ಬಿಡುತ್ತದೆ.

ಕಾಲಿಗೆ ಮುಳ್ಳು ಚುಚ್ಚಿದರೆ ಕಾಲು, ಕೈ ಎರಡನ್ನೂ ಸೋಪು ಹಚ್ಚಿ ತೊಳೆಯಿರಿ. ಚಿಮಟಿಗೆಯ ತುದಿಯನ್ನು ಸ್ಪಿರಿಟ್ಟಿನಿಂದ ಒರೆಸಿ. ಬೆಳಕಿಗೆ ಕೂತು ಮುಳ್ಳು ಯಾವ ಓರೆಯಲ್ಲಿ ಹೋಗಿದೆ ಅಂತ ನೋಡಿ. ಚರ್ಮಕ್ಕೆ ತಾಗುವಷ್ಟು ಬುಡದಲ್ಲಿ ಹಿಡಿದು, ಹೋದ ಓರೆಯಲ್ಲೇ ನಿಧಾನ ಹೊರಗೆ ಎಳೆಯಿರಿ. ನೇರ ಮೇಲಕ್ಕೆ ಎಳೆದರೆ ತುದಿ ಒಳಗೇ ಮುರಿಯುತ್ತದೆ. ಬಂದ ಮುಳ್ಳಿನ ತುದಿ ಚೂಪಾಗಿದೆಯಾ ನೋಡಿ. ಮೊಂಡಾಗಿದ್ದರೆ ಒಂದು ಚೂರು ಒಳಗಿದೆ ಅಂತಲೇ ಲೆಕ್ಕ. ಅದನ್ನು ಸೂಜಿ ಹಾಕಿ ಕೆದಕುತ್ತಾ ಕೂರಬೇಡಿ. ಆಳಕ್ಕೆ ಹೋಗಿದ್ದರೆ, ಕೀಲಿನ ಹತ್ತಿರ ಇದ್ದರೆ, ಬಾವು ಬಂದರೆ, ಅಥವಾ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರ ಕಾಲಾದರೆ ಅವತ್ತೇ ದವಾಖಾನೆಗೆ ಹೋಗಿ, ಧನುರ್ವಾಯು ತಡೆಯುವ ಇಂಜೆಕ್ಷನ್ ಬೇಕಾ ಅಂತಲೂ ಕೇಳಿ.